ಬೇವೂರು ಹಳ್ಳದ ಹನ್ನೊಂದು ಹಲ್ಲು

ಕೊಪ್ಪಳ ಸೀಮೆಯ ಕಲ್ಲಿನಲ್ಲಿ ಶಾರ್ಕ್ ಮೀನಿನ ಹಲ್ಲು ಸಿಗುವುದಿಲ್ಲ. ಇದನ್ನು ಮೊದಲಿಗೇ ಹೇಳಿಬಿಡುತ್ತೇನೆ, ಯಾಕೆಂದರೆ ನಮ್ಮ ವಿಭಾಗದ ಮುಖ್ಯಸ್ಥರಿಗೆ ಯಾರೂ ಮೊದಲಿಗೇ ಹೇಳಿರಲಿಲ್ಲ. ಗಂಗಾವತಿಯ ಗುಡ್ಡಗಳಿಂದ ಹಿಡಿದು ಕುಷ್ಟಗಿಯ ಕೆಂಪು ಬಂಡೆಗಳವರೆಗೆ ನಮ್ಮದು ಗ್ರಾನೈಟು, ಇಲ್ಲವೇ ಅದರ ಅಣ್ಣತಮ್ಮಂದಿರು. ವಯಸ್ಸು ಹೆಚ್ಚುಕಡಿಮೆ ಇನ್ನೂರೈವತ್ತು ಕೋಟಿ ವರ್ಷ. ಅದು ಕಾದು ಕರಗಿ ಹೆಪ್ಪುಗಟ್ಟಿದ ಕಾಲಕ್ಕೆ ಶಾರ್ಕ್ ಹಾಗಿರಲಿ, ಹಲ್ಲಿರುವ ಒಂದು ಹುಳುವೂ ಭೂಮಿಯ ಮೇಲಿರಲಿಲ್ಲ. ಪದವಿ ತರಗತಿಯ ಮಕ್ಕಳಿಗೆ ಇದನ್ನು ಮೊದಲ ವಾರದಲ್ಲೇ ಹೇಳಿಕೊಡುತ್ತೇವೆ. ನಮ್ಮ ಮುಖ್ಯಸ್ಥರು ತಾವು ಓದುವಾಗ ಆ ವಾರ ಊರಿಗೆ ಹೋಗಿದ್ದರೋ ಏನೋ.

ಒಂದು ಸೋಮವಾರ ಅವರು ಚಪ್ಪಲಿ ಅಂಗಡಿಯ ರಟ್ಟಿನ ಡಬ್ಬಿಯೊಂದನ್ನು ತಂದು ನನ್ನ ಮೇಜಿನ ಮೇಲೆ ಇಟ್ಟರು. ನಾನು ಆ ಕಾಲೇಜಿನ ಭೂವಿಜ್ಞಾನ ಪ್ರಯೋಗಾಲಯ ನೋಡಿಕೊಳ್ಳುವವನು. ವಯಸ್ಸಿನಲ್ಲಿದ್ದಾಗ ಎರಡು ಹಂಗಾಮು ಕಚ್ಛದ ಕಡೆ ಪಳೆಯುಳಿಕೆ ಆರಿಸುವ ತಂಡದ ಜೊತೆ ದುಡಿದಿದ್ದೆ. ಹಾಗಾಗಿ ಇಡೀ ಕಾಲೇಜಿನಲ್ಲಿ ಶಾರ್ಕ್ ಹಲ್ಲನ್ನು ಕೈಯಲ್ಲಿ ಹಿಡಿದವನು ನಾನೊಬ್ಬನೇ. ಡಬ್ಬಿಯಲ್ಲಿ ಔಷಧಿ ಅಂಗಡಿಯವರು ಗುಳಿಗೆ ಹಾಕಿಕೊಡುವ ಹನ್ನೊಂದು ಕಾಗದದ ಪೊಟ್ಟಣ, ಒಂದು ಶಾಲೆಯ ನೋಟ್‌ಬುಕ್ಕು ಮತ್ತು ಒಂದು ಚೀಟಿ ಇದ್ದವು. ಬೇವೂರಿನ ಕಡೆಯ ಒಂದು ಹಳ್ಳಿಯಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕಿಯೊಬ್ಬರು ದಿನಾ ಹಳ್ಳ ದಾಟಿ ಶಾಲೆಗೆ ಹೋಗುವಾಗ ನಾಲ್ಕು ವರ್ಷದಲ್ಲಿ ಒಂದೊಂದಾಗಿ ಆರಿಸಿದ ಹಲ್ಲುಗಳಂತೆ. ಚೀಟಿಯಲ್ಲಿ ಎರಡೇ ಸಾಲು: ಇವು ಏನು, ಇಲ್ಲಿಗೆ ಹೇಗೆ ಬಂದವು, ದಯವಿಟ್ಟು ತಿಳಿಸಿ.

ಪೊಟ್ಟಣ ಬಿಚ್ಚಿದೆ. ಹಲ್ಲುಗಳು ಖರೇ ಹಲ್ಲುಗಳೇ. ಅಂಗುಲದಷ್ಟು ಉದ್ದ, ಸಪೂರ, ತುದಿ ಬಾಗಿದ್ದು, ಬುಡದಲ್ಲಿ ಕವಲೊಡೆದ ಬೇರು. ಬಣ್ಣ ಹೊಗೆ ಹಿಡಿದ ಅಡಿಗೆಮನೆಯ ಜಂತಿಯಂತೆ ಕಂದುಗಪ್ಪು. ಕಲ್ಲಾಗಿ ಕೋಟಿಗಟ್ಟಲೆ ವರ್ಷವಾಗಿದೆ ಎಂದು ಕೈಗೆ ತಗೊಂಡ ಕೂಡಲೇ ತೂಕ ಹೇಳುತ್ತದೆ.

‘ಸರ, ಹಲ್ಲು ಖರೇ ಅದಾವ. ಆದ್ರ ನಮ್ಮ ಹಳ್ಳದಾಗ ಹುಟ್ಟಿದ್ವಲ್ಲ’ ಅಂದೆ.

ಮುಖ್ಯಸ್ಥರು ಮೊದಲ ಮಾತನ್ನಷ್ಟೇ ಕೇಳಿಸಿಕೊಂಡು ಎದ್ದರು. ಪತ್ರಿಕೆಯವರು ಹೊರಗೆ ಕಾಯುತ್ತಿದ್ದರು. ಮರುದಿನ ಫೋಟೋ ಬಂತು: ಮುಖ್ಯಸ್ಥರು ಹಲ್ಲನ್ನು ಬೀಡಿಯ ಹಾಗೆ ಎರಡು ಬೆರಳ ನಡುವೆ ಹಿಡಿದು ದಿಗಂತ ನೋಡುತ್ತಿದ್ದಾರೆ, ಕೆಳಗೆ, ಕೊಪ್ಪಳದಲ್ಲಿ ಒಂದು ಕಾಲಕ್ಕೆ ಸಮುದ್ರವಿತ್ತು, ಇದು ನಮ್ಮ ವಿಭಾಗದ ಶೋಧ. ಶಿಕ್ಷಕಿಯ ಹೆಸರು ಇರಲಿಲ್ಲ, ‘ಸ್ಥಳೀಯರೊಬ್ಬರ ಸಹಕಾರದಿಂದ’ ಅಂತಿತ್ತು. ವಾಟ್ಸ್ಯಾಪಿನಲ್ಲಿ ಮೆಚ್ಚುಗೆಯ ಹೂಗುಚ್ಛಗಳು ಹರಿದಾಡಿದವು. ಗ್ರಾನೈಟಿನ ಮೇಲೆ ಪಿಎಚ್‌ಡಿ ಮಾಡಿದ ಮನುಷ್ಯ ಗ್ರಾನೈಟಿನ ಮೇಲೆಯೇ ನಿಂತು ಸಮುದ್ರ ಕಂಡದ್ದಕ್ಕೆ ಹೂಗುಚ್ಛ ಕೊಡುವವರೂ ಇದ್ದಾರಲ್ಲ ಎಂದು ಕೈಮುಗಿದೆ.

ನನಗೆ ಬಂದ ಕೆಲಸ, ಗುರುತಿಸುವಿಕೆಯ ವರದಿ. ‘ಯಾವ ಜಾತಿ, ಯಾವ ಕಾಲ, ಎರಡು ಪುಟದಾಗ ಬರೀರಿ, ಸಮುದ್ರದ ಮಾತು ನಾ ಸೇರಸ್ತೀನಿ’ ಎಂದು ಅಪ್ಪಣೆಯಾಯಿತು.

ಕೆಲಸ ಶುರು ಮಾಡಿದೆ. ಒಂದು ಪೊಟ್ಟಣ ಬಿಚ್ಚಿದರೆ ಅದನ್ನು ಮುಚ್ಚುವವರೆಗೆ ಇನ್ನೊಂದನ್ನು ಮುಟ್ಟಬಾರದು, ಅದು ಕಚ್ಛದಲ್ಲಿ ಕಲಿತ ಶಿಸ್ತು. ಉದ್ದ, ಬುಡದ ಅಗಲ, ದಪ್ಪ ಮೂರನ್ನೂ ಕ್ಯಾಲಿಪರಿನಿಂದ ಅಳೆದು ಬರೆದುಕೊಂಡೆ. ಎರಡೂ ಮುಖದ ಫೋಟೋ ತೆಗೆದೆ. ಶಾರ್ಕ್ ಹಲ್ಲಿನ ಹೊರಮುಖ ಚಪ್ಪಟೆ, ಒಳಮುಖ ಉಬ್ಬು. ಒಳಮುಖದಲ್ಲಿ ಸಣ್ಣ ಉದ್ದ ಗೆರೆಗಳಿವೆಯೇ, ಅಂಚು ಗರಗಸವೋ ನುಣುಪೋ, ಬುಡದ ಎರಡೂ ಬದಿಗೆ ಮರಿಮೊನೆ ಇದೆಯೇ, ಬೇರಿನ ನಡುವಿನ ತೋಡು ಎಷ್ಟು ಆಳ, ಇವಿಷ್ಟು ನೋಡಿದರೆ ಯಾವ ಬಳಗ ಎಂದು ತೊಂಬತ್ತು ಪಾಲು ಹೇಳಬಹುದು. ಆದರೆ ಮರಿಮೊನೆ ಇರಬೇಕಾದ ಜಾಗದಲ್ಲೇ, ಬೇರಿನ ಸುತ್ತ, ಗಟ್ಟಿ ಕೆಂಪು ಕರೆಯೊಂದು ಮೆತ್ತಿಕೊಂಡಿತ್ತು. ಎಲ್ಲ ಹನ್ನೊಂದರಲ್ಲೂ. ಭೂತಗನ್ನಡಿ ಹಿಡಿದರೆ ಅದರಲ್ಲಿ ಇಟ್ಟಿಗೆಬಣ್ಣದ ಸಣ್ಣ ಹರಳು ಕಂಡವು. ಕೆಂಪು ಮಣ್ಣು ಅಂಟಿ ಗಟ್ಟಿಯಾಗಿದೆ ಎಂದುಕೊಂಡೆ. ನೀರು, ಮೆತ್ತನೆಯ ಬ್ರಶ್ಶು, ಏನೂ ಆಗಲಿಲ್ಲ. ಹತ್ತಿಗೆ ಸ್ಪಿರಿಟ್ ಹಾಕಿ ಒರೆಸಿದೆ. ಬೆಣ್ಣೆಯಂತೆ ಬಿಟ್ಟಿತು. ಹತ್ತಿ ಕೆಂಪಾಯಿತು, ಹಲ್ಲು ಚೊಕ್ಕವಾಯಿತು, ಮರಿಮೊನೆಗಳು ಕಂಡವು. ನನ್ನ ಕೈಚಳಕಕ್ಕೆ ನಾನೇ ಶಹಬ್ಬಾಸ್ ಅಂದುಕೊಂಡೆ.

ಸ್ಪಿರಿಟ್ಟಿಗೆ ಮಣ್ಣು ಕರಗುವುದಿಲ್ಲ. ಇದನ್ನು ಕೂಡ ಪದವಿ ಮಕ್ಕಳಿಗೆ ಮೊದಲ ವಾರದಲ್ಲೇ ಹೇಳಿಕೊಡುತ್ತೇವೆ.

ಹತ್ತು ಹಲ್ಲು ತೊಳೆದಾಗ ಸ್ಪಿರಿಟ್ ಮುಗಿಯಿತು. ಸ್ಟೋರಿನ ಗುಮಾಸ್ತ ಒಬ್ಬ ಮಹಾನುಭಾವ. ಪ್ರಯೋಗಾಲಯದಲ್ಲಿ ಸ್ಪಿರಿಟ್ ಕೇಳುವವರೆಲ್ಲ ಅದನ್ನು ಕುಡಿಯುತ್ತಾರೆ ಎಂದು ಅವನ ಭದ್ರ ನಂಬಿಕೆ. ಅರ್ಜಿ ಕೊಡಿ, ಮುಖ್ಯಸ್ಥರ ಸಹಿ ತನ್ನಿ, ಪ್ರಾಂಶುಪಾಲರ ಸಹಿ ತನ್ನಿ ಎಂದು ಮೂರು ಸಲ ಓಡಾಡಿಸಿದ. ನಾಲ್ಕನೆಯ ಸಲ ನಾನು ಅವನ ಮುಖ ನೋಡದೆ ಬಂದೆ. ಹನ್ನೊಂದನೆಯ ಹಲ್ಲು ತೊಳೆಯದೆಯೇ ಉಳಿಯಿತು. ಆ ದಿನ ಅವನನ್ನು ಬೈದಷ್ಟು ನಾನು ನನ್ನ ಜೀವಮಾನದಲ್ಲಿ ಯಾರನ್ನೂ ಬೈದಿಲ್ಲ.

ಗುರುತು ಹಿಡಿಯುವುದು ಕಷ್ಟವಾಗಲಿಲ್ಲ. ಮ್ಯಾಕರೆಲ್ ಶಾರ್ಕ್ ಬಳಗ, ಡೈನೋಸಾರುಗಳು ಅಳಿದ ಮೇಲಿನ ಕಾಲ, ಕಚ್ಛದ ಕಡೆಯ ಪದರಗಳಲ್ಲಿ ಧಾರಾಳ ಸಿಗುವಂಥವು. ಕಷ್ಟವಾದದ್ದು ಬೇರೆ. ಹನ್ನೊಂದೂ ಬಾಯಿಯ ಮುಂದಿನ ಹಲ್ಲುಗಳು. ಉದ್ದ, ಬಾಗು, ಗಾತ್ರ ಎಲ್ಲ ಒಂದೇ ಅಚ್ಚು. ಕಚ್ಛದಲ್ಲಿ ಇಂಥದೊಂದು ಸಿಗಬೇಕಾದರೆ ಪಕ್ಕದ ಗಿಡ್ಡ ಹಲ್ಲುಗಳು, ಮುರಿದ ಚೂರುಗಳು, ತೊರಕೆ ಮೀನಿನ ಚಪ್ಪಟೆ ಹಲ್ಲುಗಳು ಬೊಗಸೆಗಟ್ಟಲೆ ಸಿಗುತ್ತಿದ್ದವು. ನೀರಿಗೆ ಆರಿಸುವ ಕಣ್ಣಿಲ್ಲ. ಮನುಷ್ಯನಿಗಿದೆ. ಇನ್ನೊಂದು, ಹಳ್ಳದ ಉಸುಕಿನಲ್ಲಿ ಉರುಳಿದ ಹಲ್ಲು ಎಲ್ಲ ಕಡೆಯೂ ಸವೆಯಬೇಕು. ಇವುಗಳ ಚಪ್ಪಟೆ ಮುಖ ಮಾತ್ರ ಸವೆದು ಮಿರುಗುತ್ತಿತ್ತು. ಉಬ್ಬು ಮುಖದ ಗೆರೆಗಳು ಹಾಗೇ ಇದ್ದವು.

ಎರಡು ದಿನ ಅದನ್ನೇ ನೋಡುತ್ತ ಕೂತೆ. ಯಾರೋ ಆರಿಸಿದ್ದಾರೆ ಎಂಬುದರಲ್ಲಿ ಸಂಶಯವಿರಲಿಲ್ಲ. ಯಾರು? ಚೀಟಿ ಬರೆದವರೇ, ಇನ್ಯಾರು. ವಿಜ್ಞಾನ ಪ್ರದರ್ಶನ, ಉತ್ತಮ ಶಿಕ್ಷಕಿ ಪ್ರಶಸ್ತಿ, ಪತ್ರಿಕೆಯಲ್ಲಿ ಫೋಟೋ, ಇಂಥ ಹಪಹಪಿಯ ಮಂದಿಯನ್ನು ಬೇಕಾದಷ್ಟು ನೋಡಿದ್ದೇನೆ. ಎಲ್ಲಿಂದಲೋ ತರಿಸಿ ಹಳ್ಳದಲ್ಲಿ ಹಾಕಿ ತಾನೇ ಆರಿಸಿದ್ದಾಳೆ ಎಂದು ತೀರ್ಮಾನಿಸಿದೆ. ವರದಿ ಬರೆದೆ: ಹಲ್ಲುಗಳು ನಿಜ, ಸಮುದ್ರ ಸುಳ್ಳು, ಇವನ್ನು ಆರಿಸಿ ತಂದು ‘ಉದ್ದೇಶಪೂರ್ವಕವಾಗಿ’ ಹಳ್ಳದಲ್ಲಿ ಹಾಕಲಾಗಿದೆ. ಆ ಪದ ಬರೆಯುವಾಗ ನನಗೆ ಬಹಳ ಖುಷಿಯಾಗಿತ್ತು. ಅದು ಮುಖ್ಯಸ್ಥರ ಕೆನ್ನೆಗೆ ಬೀಳುತ್ತದೆ ಎಂದುಕೊಂಡಿದ್ದೆ.

ನಾನು ಅವರ ಚಾಲಾಕುತನವನ್ನು ಕಡಿಮೆ ಲೆಕ್ಕ ಹಾಕಿದ್ದೆ. ವರದಿಯನ್ನು ಅವರು ಹತ್ತು ನಿಮಿಷ ಓದಿದರು. ಹನ್ನೊಂದನೆಯ ನಿಮಿಷಕ್ಕೆ ಅದೇ ಪತ್ರಿಕೆಯವರಿಗೆ ಫೋನು ಹೋಯಿತು. ಮರುದಿನ ಬಂತು: ವಿಜ್ಞಾನಿಗಳಿಗೇ ಮೋಸ, ಶಿಕ್ಷಕಿಯ ಕೃತ್ಯ ಬಯಲಿಗೆಳೆದ ವಿಭಾಗ. ಈ ಸಲ ಶಿಕ್ಷಕಿಯ ಹೆಸರಿತ್ತು. ಊರಿನ ಹೆಸರೂ ಇತ್ತು. ಮುಖ್ಯಸ್ಥರ ಅದೇ ಫೋಟೋ ಇತ್ತು. ಸಮುದ್ರ ಕಂಡವರೂ ಅವರೇ, ಮೋಸ ಕಂಡವರೂ ಅವರೇ. ನನ್ನ ಸಹಿಯ ಕಾಗದ ನಕಲಾಗಿ ಆ ಶಿಕ್ಷಕಿಯ ಮೇಲಧಿಕಾರಿಯ ಕಚೇರಿಗೆ ತಲುಪಿ, ಏಳನೆಯ ದಿನ ಶುಕ್ರವಾರ ವಿಚಾರಣೆಗೆ ಬಂದು ಉತ್ತರ ಕೊಡಿ, ಇಲ್ಲವಾದರೆ ಶಿಸ್ತುಕ್ರಮ ಎಂದು ಅವರಿಗೆ ನೋಟಿಸು ಹೋಯಿತು.

ಮೂರನೆಯ ದಿನ ಅವರೇ ಪ್ರಯೋಗಾಲಯದ ಬಾಗಿಲಲ್ಲಿ ನಿಂತಿದ್ದರು. ನಮ್ಮ ಕಡೆ ಶಾಲೆಯ ಶಿಕ್ಷಕಿಯರನ್ನು ಅಕ್ಕೋರು ಅನ್ನುತ್ತೇವೆ. ಈ ಅಕ್ಕೋರಿಗೆ ನಲವತ್ತೈದರ ಆಸುಪಾಸು. ಹೆಗಲಿಗೆ ಬುತ್ತಿಯ ಚೀಲ, ಕೈಯಲ್ಲಿ ನೋಟಿಸು. ಅಳುತ್ತ ಬಂದಾರು, ಇಲ್ಲವೇ ಜಗಳಕ್ಕೆ ಬಂದಾರು ಎಂದು ನಾನು ಎರಡಕ್ಕೂ ತಯಾರಿದ್ದೆ. ಅವರು ಎರಡನ್ನೂ ಮಾಡಲಿಲ್ಲ. ತಮ್ಮ ಡಬ್ಬಿ ವಾಪಸ್ಸು ಬೇಕು ಅಂದರು.

‘ಸರ, ನಾ ಸಮುದ್ರ ಅಂತ ಎಲ್ಲೆರ ಬರದಿದ್ನೇನ್ರಿ?’ ಎಂದು ಕೇಳಿದರು.

‘ಇಲ್ಲ.’

‘ಇವು ಏನು, ಹ್ಯಾಂಗ ಬಂದ್ವು ಅಂತ ಕೇಳಿದ್ದೆ. ಅಷ್ಟs.’

ನಾನು ಮೇಷ್ಟರಿಗೆ ಮೇಷ್ಟರಾಗಿ, ಹಲ್ಲುಗಳೆಲ್ಲ ಒಂದೇ ಅಚ್ಚಿನವು, ನೀರು ಹೀಗೆ ಆರಿಸುವುದಿಲ್ಲ, ಮನುಷ್ಯನ ಕೈ ಇದೆ ಎಂದು ವಿವರಿಸಿದೆ. ಅವರು ತಲೆಯಾಡಿಸುತ್ತ ಕೇಳಿದರು. ಆಮೇಲೆ ಮೇಜಿನ ಮೇಲಿದ್ದ ತಮ್ಮ ನೋಟ್‌ಬುಕ್ಕಿನತ್ತ ನೋಡಿದರು. ಅದರ ರಟ್ಟಿನ ಮೇಲೆ ನನ್ನ ಚಹಾದ ಲೋಟದ ಉಂಗುರಗಳು ಏಳೆಂಟು ಮೂಡಿದ್ದವು. ಮೂರು ವಾರ ನಾನದನ್ನು ಒಮ್ಮೆಯೂ ತೆರೆದಿರಲಿಲ್ಲ. ಪ್ರಾಥಮಿಕ ಶಾಲೆಯವರ ನೋಟ್‌ಬುಕ್ಕಿನಲ್ಲಿ ನನಗೆ ತಿಳಿಯದ್ದು ಏನಿದ್ದೀತು ಎಂಬ ಧಿಮಾಕು.

ಅವರು ತೊಳೆದ ಹಲ್ಲೊಂದನ್ನು ಎತ್ತಿ ಬುಡವನ್ನು ಹೆಬ್ಬೆರಳಿನಿಂದ ಸವರಿದರು.

‘ಇಲ್ಲಿ ಕೆಂಪಗ ಇತ್ತಲ್ರಿ, ಅದೇನಂತ ನೋಡಿದ್ರ್ಯಾ?’

‘ಕೆಂಪು ಮಣ್ಣು.’

‘ನಮ್ಮ ಹಳ್ಳ ಹರಿಯೂದು ಎರಿ ಹೊಲದಾಗ್ರಿ. ಅಷ್ಟೂ ಕರಿ ಮಣ್ಣು. ಕೆಂಪು ಮಣ್ಣು ಎಲ್ಲಿಂದ ಬರಬೇಕು?’

ಹಲ್ಲುಗಳ ಕೆಲಸ ಇನ್ನೂ ಮುಗಿದಿಲ್ಲ, ಶುಕ್ರವಾರ ನಿಮ್ಮ ವಿಚಾರಣೆಯ ಹೊತ್ತಿಗೆ ನಾನೇ ತಂದು ಕೊಡುತ್ತೇನೆ ಎಂದು ಹೇಗೋ ಅಂದೆ. ಅವರು ನಂಬಿದ ಹಾಗೆ ಕಾಣಲಿಲ್ಲ. ಆದರೂ ಬಿಟ್ಟು ಹೋದರು.

ಅವರು ಹೋದ ಮೇಲೆ ನೋಟ್‌ಬುಕ್ಕು ತೆರೆದೆ. ಸ್ಕೇಲು ಹಿಡಿದು ಗೆರೆ ಎಳೆದ ಆರು ಕಾಲಮ್ಮು. ನಂಬರು, ತಾರೀಖು, ಬಟ್ಟೆ ಒಗೆಯುವ ಬಂಡೆಯಿಂದ ಎಷ್ಟು ಹೆಜ್ಜೆ, ಯಾವ ದಿಕ್ಕು, ಎಷ್ಟು ಆಳ. ಕೊನೆಯದು, ‘ಜೊತೆಗೆ ಸಿಕ್ಕದ್ದು’. ಅದರಲ್ಲಿ ಹೀಗಿತ್ತು: ಬಳೆಚೂರು ಮೂರು. ಕರಿಮಣಿ ಒಂದು. ಏನೂ ಇಲ್ಲ. ಕವಡೆ, ತೂತು ಇದೆ. ಕರೀ ದಾರದ ಗಂಟು. ಬೆಳ್ಳಿ ತಗಡಿನ ಚೂರು ಇರಬಹುದು, ಬಹಳ ಸಣ್ಣದು. ಹನ್ನೊಂದರಲ್ಲಿ ಒಂಬತ್ತು, ಒಗೆಯುವ ಬಂಡೆಯ ಇಪ್ಪತ್ತು ಹೆಜ್ಜೆಯೊಳಗೇ ಸಿಕ್ಕಿದ್ದವು. ನಾನು ಕೆಲಸ ಮಾಡಿದ ಕಚ್ಛದ ತಂಡದಲ್ಲಿ ಎರಡು ಮೂರು ಡಾಕ್ಟರೇಟು ಇದ್ದವು. ಇಷ್ಟು ಚೊಕ್ಕ ದಾಖಲೆ ಯಾರೂ ಇಟ್ಟಿರಲಿಲ್ಲ. ಮೋಸ ಮಾಡುವವರು ಬಳೆಚೂರು ಎಣಿಸುವುದಿಲ್ಲ.

ಹನ್ನೊಂದನೆಯ ಹಲ್ಲು ಹೊರತೆಗೆದೆ. ಸೂಜಿಯನ್ನು ದೀಪಕ್ಕೆ ಹಿಡಿದು ಕಾಯಿಸಿ ಕೆಂಪು ಕರೆಯ ಅಂಚಿಗೆ ತಾಗಿಸಿದೆ. ಕರೆ ಮೆತ್ತಗಾಗಿ ಸೂಜಿಗೆ ಎಳೆಯಾಗಿ ಬಂತು. ವಾಸನೆ ಮೂಗಿಗೆ ಬಡಿದ ಕೂಡಲೇ ಗುರುತು ಹತ್ತಿತು. ಪ್ರತಿ ವರ್ಷ ಪರೀಕ್ಷೆಯ ಉತ್ತರಪತ್ರಿಕೆಗಳ ಗಂಟಿಗೆ ಬಟ್ಟೆ ಹೊಲಿದು ಮುದ್ರೆ ಒತ್ತುವಾಗ ಇಡೀ ಕಚೇರಿ ತುಂಬುವ ವಾಸನೆ. ಅರಗು. ಅದರೊಳಗಿನ ಕೆಂಪು ಹರಳು ಇಟ್ಟಿಗೆಯ ಪುಡಿ. ನಾನು ಹತ್ತು ಹಲ್ಲಿನಿಂದ ಒರೆಸಿ ಕಸದ ಬುಟ್ಟಿಗೆ ಹಾಕಿದ್ದು ಕೊಳೆಯಲ್ಲ, ಅಕ್ಕೋರು ಕೇಳಿದ ಪ್ರಶ್ನೆಯ ಉತ್ತರ.

ಮರುದಿನ ಕನಕಗಿರಿಗೆ ಬಸ್ಸು ಹಿಡಿದೆ. ಇಟ್ಟಿಗೆ ಪುಡಿ ಬೆರೆಸಿದ ಅರಗನ್ನು ಬಳಸುವವರು ಪತ್ತಾರರು, ಅಂದರೆ ಅಕ್ಕಸಾಲಿಗರು. ಟೊಳ್ಳು ಬೆಳ್ಳಿಯೊಳಗೆ ಅದನ್ನು ತುಂಬಿ ಸಾಮಾನನ್ನು ಗಟ್ಟಿ ಮಾಡುತ್ತಾರೆ. ನನ್ನ ಹೆಂಡತಿಯ ತಾಳಿ ಮಾಡಿದ ಪತ್ತಾರರ ಮನೆ ಅಲ್ಲಿದೆ. ಈಗಿರುವವರು ಎಪ್ಪತ್ತು ದಾಟಿದವರು, ಕಣ್ಣು ಮಂಜು, ಆದರೂ ಬೆಳಗಿನ ಬಿಸಿಲು ಬೀಳುವ ಕಟ್ಟೆಯ ಮೇಲೆ ಕುಂತು ಏನಾದರೂ ತಿಕ್ಕುತ್ತಲೇ ಇರುತ್ತಾರೆ. ಹಲ್ಲನ್ನು ಅವರ ಅಂಗೈಗೆ ಹಾಕಿದೆ. ಅವರು ನೋಡಲಿಲ್ಲ. ಬೆರಳಿನಿಂದ ಮುಟ್ಟಿದರು ಅಷ್ಟೇ.

‘ಕಲ್ಲುಗುರು. ನಮ್ಮಪ್ಪನ ಕೈಕೆಲಸ ಇರಬೇಕ್ರಿ ಇದು’ ಅಂದರು.

ನಾನು ಬಿಡಬೇಕಲ್ಲ. ಇದು ಉಗುರಲ್ಲ, ಸಮುದ್ರದ ಮೀನಿನ ಹಲ್ಲು, ಆರು ಕೋಟಿ ವರ್ಷದ ಹತ್ತಿರ ಹತ್ತಿರದ್ದು ಎಂದು ಶುರು ಮಾಡಿದೆ. ಅವರು ಪೂರ್ತಿ ಕೇಳಿ, ಇರಲಿ, ನಮಗೆ ಉಗುರು ಅಂತಲೇ ಕೊಡುತ್ತಿದ್ದರು ಅಂದರು. ಕೂಸುಗಳ ಕೊರಳಿಗೆ ಹುಲಿ ಉಗುರು ಕಟ್ಟುವುದು ಎಲ್ಲರಿಗೂ ಗೊತ್ತಿರುವುದೇ. ಹುಲಿ ಉಗುರು ದುಡ್ಡಿದ್ದವರಿಗೆ ಸಿಗುತ್ತಿತ್ತು, ಇಲ್ಲದವರಿಗೆ ಇದು. ಹವಳ, ಶಂಖ, ಕವಡೆ ಮಾರುತ್ತ ಕಚ್ಛದ ಕಡೆಯಿಂದ ಬರುವವರು ಸಂತೆಯಿಂದ ಸಂತೆಗೆ ತಿರುಗುತ್ತ ಇವನ್ನೂ ತರುತ್ತಿದ್ದರಂತೆ. ಉಗುರಿನಂತೆ ಉದ್ದಕ್ಕೆ ಬಾಗಿದ್ದನ್ನು ಮಾತ್ರ ಅವರ ಅಪ್ಪ ಆರಿಸಿಕೊಳ್ಳುತ್ತಿದ್ದರು. ಗಿಡ್ಡನೆಯವು, ಮುರಿದವು ವಾಪಸ್ಸು. ಬುಡಕ್ಕೆ ಬೆಳ್ಳಿಯ ಟೊಪ್ಪಿಗೆ, ಒಳಗೆ ಅರಗು, ಮೇಲೆ ದಾರ ಪೋಣಿಸಲು ಒಂದು ಕೊಂಡಿ. ಚಪ್ಪಟೆ ಮುಖ ಕೂಸಿನ ಎದೆಗೆ ತಾಗುವ ಹಾಗೆ.

ನಾನು ಎರಡು ದಿನ ತಲೆ ಕೆಡಿಸಿಕೊಂಡ ಸವೆತ ಅದು. ನೀರಿನದಲ್ಲ, ಉಸುಕಿನದಲ್ಲ. ಕೂಸಿನ ಎದೆಯದು.

ಹಳ್ಳಕ್ಕೆ ಹೇಗೆ ಬಂದವು ಎಂದು ಕೇಳಿದೆ. ಬೆಚ್ಚಿಬೀಳುವ ಕೂಸಿಗೆ ಇದನ್ನು ಕಟ್ಟುತ್ತಿದ್ದರಂತೆ. ಕೂಸು ದೊಡ್ಡದಾಗಿ ಹಾಲುಹಲ್ಲು ಬಿದ್ದ ಮೇಲೆ ಬೆಳ್ಳಿ ಬಿಚ್ಚಿ ಉಡದಾರಕ್ಕೋ ಕಾಲ್ಗೆಜ್ಜೆಗೋ ಸೇರಿಸುತ್ತಿದ್ದರು. ಉಗುರನ್ನು ಮನೆಯಲ್ಲಿ ಇಟ್ಟುಕೊಳ್ಳುವ ಹಾಗಿಲ್ಲ, ಅದು ಕೂಸಿನ ಅಂಜಿಕೆಯನ್ನೆಲ್ಲ ಉಂಡಿರುತ್ತದೆ. ಹರಿಯುವ ನೀರಿಗೆ ಬಿಡಬೇಕು. ಹೆಂಗಸರು ಬಟ್ಟೆ ಒಗೆಯಲು ಹೋದಾಗ ಬಿಟ್ಟು ಬರುತ್ತಿದ್ದರು.

ನಾನು ಹೊರಡಲು ಎದ್ದಾಗ ಅವರು ಹಲ್ಲನ್ನು ಕೂಡಲೇ ವಾಪಸ್ಸು ಕೊಡಲಿಲ್ಲ.

‘ಎಷ್ಟು ಸಿಕ್ಕಾವ್ರಿ?’

‘ಹನ್ನೊಂದು.’

‘ಕೂಸು ತೀರಿಕೊಂಡ್ರ ಉಗುರು ಅದರ ಜೋಡಿನs ಮಣ್ಣಿಗೆ ಹೋಗತಿತ್ರಿ. ಹಳ್ಳಕ್ಕ ಬಿಡತಿದ್ದಿಲ್ಲ. ಹನ್ನೊಂದು ಸಿಕ್ಕಾವಂದ್ರ ಹನ್ನೊಂದು ಕೂಸು ಉಳದಾವ ಅಂತ ತಿಳೀರಿ’ ಅಂದರು.

ಮೂರು ವಾರ ಅವನ್ನು ಅಳೆದಿದ್ದೆ, ತೂಗಿದ್ದೆ, ಎರಡೂ ಮುಖದ ಫೋಟೋ ತೆಗೆದಿದ್ದೆ. ಯಾರಾದರೂ ಕೊರಳಲ್ಲಿ ಹಾಕಿಕೊಂಡಿದ್ದಿರಬಹುದು ಎಂದು ಒಂದು ಕ್ಷಣವೂ ಹೊಳೆದಿರಲಿಲ್ಲ. ನನಗೆ ಬಹಳ ನಾಚಿಕೆಯಾಯಿತು. ಪತ್ತಾರರ ಪೆಟ್ಟಿಗೆಯಲ್ಲಿ ರಿಪೇರಿಗೆ ಬಂದು ಉಳಿದ ಒಂದು ಕಲ್ಲುಗುರು ಬೆಳ್ಳಿಯ ಟೊಪ್ಪಿಗೆಯ ಸಮೇತ ಇತ್ತು. ಅದನ್ನು ಒಯ್ಯಲು ಕೊಡಲಿಲ್ಲ. ಇಟ್ಟುಹೋದವರು ನಾಳೆ ಬಂದು ಕೇಳಿದರೆ ಏನು ಹೇಳಲಿ ಅಂದರು. ಅವರ ಅಪ್ಪನ ಕಾಲದಲ್ಲಿ ಇಟ್ಟುಹೋದವರು! ಫೋಟೋ ತೆಗೆದುಕೊಂಡು ಬಂದೆ.

ಮುಖ್ಯಸ್ಥರ ಕೋಣೆಗೆ ಹೋಗಿ ನನ್ನ ವರದಿ ತಪ್ಪು, ಹಿಂದಕ್ಕೆ ತೆಗೆದುಕೊಳ್ಳಬೇಕು, ಹೊಸದಕ್ಕೆ ವಿಭಾಗದ ಮುದ್ರೆ ಬೇಕು ಅಂದೆ. ಅವರು ಕುರ್ಚಿಯಲ್ಲಿ ಹಿಂದಕ್ಕೆ ಒರಗಿದರು. ವಿಷಯ ತಣ್ಣಗಾಗಿದೆ, ಯಾಕೆ ಕೆದಕುತ್ತೀರಿ ಅಂದರು. ವಿಭಾಗದ ಮರ್ಯಾದೆ ಅಂದರು. ಪ್ರಯೋಗಾಲಯ ನೋಡಿಕೊಳ್ಳುವವರು ವರದಿ ಬರೆಯುವುದೇ ನಿಯಮಕ್ಕೆ ವಿರುದ್ಧ ಎಂಬುದು ಅವರಿಗೆ ಆಗಷ್ಟೇ ನೆನಪಾಯಿತು. ಕೊನೆಗೆ, ನನ್ನ ವರ್ಷದ ಗೋಪ್ಯ ವರದಿ ಬರೆಯಬೇಕಾದವರು ತಾವೇ ಎಂಬುದನ್ನೂ ಮೆಲ್ಲಗೆ ನೆನಪಿಸಿದರು. ಮರ್ಯಾದೆ ಎಂಬ ಮಾತು ಆ ಬಾಯಲ್ಲಿ ಕೇಳಿ ನನಗೆ ನಗು ಬಂತು. ಆದರೆ ಒಂದು ಕ್ಷಣ ಹೆದರಿದ್ದೂ ಹೌದು. ನಿವೃತ್ತಿಗೆ ಬಹಳ ವರ್ಷ ಉಳಿದಿರಲಿಲ್ಲ, ಸುಮ್ಮನೆ ಇದ್ದುಬಿಟ್ಟರೆ ಯಾರೂ ಕೇಳುತ್ತಿರಲಿಲ್ಲ. ಅಕ್ಕೋರು ಕೆಲಸ ಕಳೆದುಕೊಳ್ಳದೆಯೂ ಇರಬಹುದು, ಎಲ್ಲಿಗೋ ವರ್ಗವಾದಾರು, ಅಷ್ಟೇ, ಎಂದು ನನ್ನನ್ನು ನಾನೇ ಸಮಾಧಾನ ಮಾಡಿಕೊಳ್ಳುತ್ತ ಮೆಟ್ಟಿಲಿಳಿದೆ. ಕೆಳಗೆ ಮೇಜಿನ ಮೇಲೆ ಆ ನೋಟ್‌ಬುಕ್ಕು ಇತ್ತು, ಚಹಾದ ಉಂಗುರಗಳ ಸಮೇತ. ಬಿಳಿ ಹಾಳೆ ತೆಗೆದುಕೊಂಡು ಕೈಯಿಂದಲೇ ಬರೆಯಲು ಕೂತೆ.

ಶುಕ್ರವಾರ ರಜೆ ಹಾಕಿ ಆ ಕಚೇರಿಗೆ ಹೋದೆ. ಅಧಿಕಾರಿ ಊಟದ ಹೊತ್ತಿನೊಳಗೆ ಮುಗಿಸಿಬಿಡುವ ಅವಸರದಲ್ಲಿದ್ದರು. ಅಕ್ಕೋರು ಮೇಜಿನ ಮುಂದೆ ನಿಂತಿದ್ದರು. ಎರಡು ಕುರ್ಚಿ ಖಾಲಿ ಇದ್ದವು, ಕೂಡ್ರಿ ಎಂದು ಯಾರೂ ಹೇಳಿರಲಿಲ್ಲ. ನನ್ನನ್ನು ನೋಡಿ ಅವರ ಮುಖ ಬಿಗಿಯಿತು. ಇನ್ನೊಂದು ಸಾಕ್ಷಿ ಹೇಳಲು ಬಂದಿದ್ದಾನೆ ಎಂದುಕೊಂಡಿರಬೇಕು.

ವರದಿ ಬರೆದವನು ನಾನೇ ಎಂದು ಅಧಿಕಾರಿಗೆ ಪರಿಚಯ ಹೇಳಿಕೊಂಡು, ಒಂದು ಮೇಣದಬತ್ತಿ ಕೇಳಿದೆ. ಬೆಳಕಿನ ಹೊತ್ತಿನಲ್ಲಿ ಯಾಕೆ ಎಂದು ಅವರು ಹುಬ್ಬೇರಿಸಿದರು. ಮುದ್ರೆ ಒತ್ತುವ ಕಚೇರಿಗಳಲ್ಲಿ ಮೇಣದಬತ್ತಿಗೆ ಬರವಿಲ್ಲ. ಜವಾನ ತಂದು ಹಚ್ಚಿದ. ಸೂಜಿ ಕಾಯಿಸಿ ಹನ್ನೊಂದನೆಯ ಹಲ್ಲಿನ ಬುಡಕ್ಕೆ ತಾಗಿಸಿದೆ. ಹೊಗೆ ಒಂದು ಎಳೆ ಎದ್ದಿತು ಅಷ್ಟೇ. ಬಾಗಿಲಿಗೆ ಒರಗಿದ್ದ ಜವಾನ ಮೂಗು ಅರಳಿಸಿದ.

‘ಪರೀಕ್ಷಾ ಬಂಡಲ್ ವಾಸನಿ ಅಲ್ರಿ ಸಾಹೇಬ್ರ? ಅರಗು.’

ಅಧಿಕಾರಿಯೂ ಬಾಗಿ ಮೂಸಿದರು. ವರ್ಷಕ್ಕೆ ಎಷ್ಟೋ ಬಂಡಲು ಕಟ್ಟಿಸುವ ಮನುಷ್ಯ, ಬೇರೆ ಪುರಾವೆ ಬೇಕಾಗಲಿಲ್ಲ. ಪತ್ತಾರರ ಮನೆಯ ಕಲ್ಲುಗುರಿನ ಫೋಟೋ ತೋರಿಸಿದೆ, ನೋಟ್‌ಬುಕ್ಕಿನ ಕೊನೆಯ ಕಾಲಮ್ಮು ಓದಿದೆ. ಆಮೇಲೆ ಕೈಬರಹದ ಹಾಳೆ ಕೊಟ್ಟೆ. ಅದರಲ್ಲಿದ್ದದ್ದನ್ನು ಬಾಯಲ್ಲೂ ಹೇಳಿದೆ: ಹತ್ತು ಹಲ್ಲಿನ ಪುರಾವೆಯನ್ನು ನಾನು ತೊಳೆದು ಹಾಳು ಮಾಡಿದ್ದೇನೆ. ಇವರ ದಾಖಲೆಯನ್ನು ಓದದೆಯೇ ಇವರನ್ನು ಮೋಸಗಾರರು ಎಂದು ಬರೆದಿದ್ದೇನೆ. ತಪ್ಪು ಪೂರ್ತಿ ನನ್ನದು.

ಅಧಿಕಾರಿಗೆ ಸೋಲೊಪ್ಪುವುದು ಅಷ್ಟು ಸಲೀಸಲ್ಲ. ಇದು ತಾಯಿತದ ಉಗುರು ಎಂದು ನೀವು ಮೊದಲೇ ಯಾಕೆ ಹೇಳಲಿಲ್ಲ ಎಂದು ಅಕ್ಕೋರ ಮೇಲೆ ತಿರುಗಿದರು.

‘ನನಗ ಗೊತ್ತಿರಲಿಲ್ರಿ. ಗೊತ್ತಿಲ್ಲಂತನs ಗೊತ್ತಿದ್ದವರ ಕಡೆ ಕಳಿಸಿದ್ದೆ’ ಅಂದರು ಅಕ್ಕೋರು.

ಜವಾನ ಕೆಮ್ಮಿದ. ನಾನು ಮೇಣದಬತ್ತಿ ಆರಿಸುವ ನೆಪದಲ್ಲಿ ತಲೆ ತಗ್ಗಿಸಿದೆ.

ನೋಟಿಸನ್ನು ಕೈಬಿಡಲಾಗಿದೆ ಎಂದು ಒಂದು ಸಾಲಿನ ಕಾಗದ ಅಲ್ಲೇ ಟೈಪಾಯಿತು. ಪತ್ರಿಕೆಯವರಿಗೂ ನಾನು ಒಂದು ಪ್ರತಿ ಕಳಿಸಿದೆ, ಅವರು ಹಾಕಲಿಲ್ಲ. ಮುಂದಿನ ವಾರ ಹಾಕಿದ್ದು ಬೇರೆ: ಬೇವೂರು ಪರಿಸರದಲ್ಲಿ ಅಪರೂಪದ ಜಾನಪದ ಆಭರಣ ಪತ್ತೆ, ವಿಭಾಗದ ಇನ್ನೊಂದು ಶೋಧ. ಫೋಟೋ ಅದೇ. ಬೀಡಿ, ದಿಗಂತ, ಎಲ್ಲ ಅದೇ. ನನ್ನ ಗೋಪ್ಯ ವರದಿಯಲ್ಲಿ ಆ ವರ್ಷ ಏನು ಬರೆದರೋ ನಾನು ಕೇಳಲು ಹೋಗಲಿಲ್ಲ.

ಆ ಶುಕ್ರವಾರ ಕಚೇರಿಯಿಂದ ಹೊರಟು ಇಬ್ಬರೂ ಬಸ್‌ಸ್ಟ್ಯಾಂಡಿಗೆ ನಡೆದೆವು. ದಾರಿಯಲ್ಲಿ ಪತ್ತಾರರು ಹೇಳಿದ್ದನ್ನೆಲ್ಲ ಹೇಳಿದೆ, ಬದುಕುಳಿದ ಕೂಸುಗಳ ಮಾತನ್ನೂ ಹೇಳಿದೆ. ಅವರು ಕೇಳುತ್ತ ನಡೆದರು. ಕಲ್ಲುಬೆಂಚಿನ ಮೇಲೆ ಡಬ್ಬಿ ಬಿಚ್ಚಿ ಪೊಟ್ಟಣಗಳನ್ನು ಒಂದೊಂದಾಗಿ ನೋಟ್‌ಬುಕ್ಕಿಗೆ ತಾಳೆ ಹಾಕಿದರು. ನಾಲ್ಕು ಮತ್ತು ಏಳನ್ನು ನಾನು ಅದಲುಬದಲು ಮಾಡಿದ್ದೆ. ಮೊನೆ ಮುರಿದದ್ದು ನಾಲ್ಕು ಎಂದು ಅವರು ಅಂಚಿನಲ್ಲಿ ಬರೆದಿಟ್ಟಿದ್ದರು. ಕಚ್ಛದಲ್ಲಿ ಕಲಿತ ಶಿಸ್ತು! ಅವರು ಎರಡನ್ನೂ ಸರಿಯಾದ ಪೊಟ್ಟಣಕ್ಕೆ ಹಾಕಿದರು.

ಕ್ಷಮಿಸಿ ಅಂದೆ. ಅವರು ನನ್ನ ಕೈಯಲ್ಲಿದ್ದ ಪ್ರಯೋಗಾಲಯದ ರಿಜಿಸ್ಟರ್ ತೆರೆಯಲು ಹೇಳಿ, ಹನ್ನೊಂದನೆಯ ಸಾಲನ್ನು ಉಕ್ತಲೇಖನದಂತೆ ಬರೆಸಿದರು. ತಾರೀಖು, ಬಂಡೆಯಿಂದ ಹದಿನಾಲ್ಕು ಹೆಜ್ಜೆ, ಮೂಡಲ ದಿಕ್ಕು, ಒಂದು ಗೇಣು ಆಳ. ನಮ್ಮ ರಿಜಿಸ್ಟರಿನಲ್ಲಿ ‘ಜೊತೆಗೆ ಸಿಕ್ಕದ್ದು’ ಎಂಬ ಕಾಲಮ್ಮು ಇಲ್ಲ. ಗೆರೆ ಎಳೆದು ಮಾಡಿಸಿದರು. ಕರೀ ದಾರದ ಗಂಟು, ಬರೀರಿ ಅಂದರು. ಬರೆದೆ.

ಯಲಬುರ್ಗಾ ಬಸ್ಸು ಬಂತು. ಅವರು ಹತ್ತು ಪೊಟ್ಟಣಗಳನ್ನು ಡಬ್ಬಿಗೆ ಹಾಕಿ ಎದ್ದರು. ಹನ್ನೊಂದನೆಯದನ್ನು ಒಂದು ಕ್ಷಣ ಅಂಗೈಯಲ್ಲಿ ಹಿಡಿದಿದ್ದು, ಆಮೇಲೆ ನನ್ನ ರಿಜಿಸ್ಟರಿನ ಮೇಲೆ ಇಟ್ಟರು.

‘ಇದು ನಿಮ್ಮ ಲ್ಯಾಬಿನಾಗ ಇರ್ಲಿ. ಹಿಂದ ಬರೂ ಹುಡುಗ್ರು ನೋಡಲಿ’ ಅಂದರು. ಎರಡು ಹೆಜ್ಜೆ ನಡೆದು, ಬಸ್ಸಿನ ಕಂಬಿ ಹಿಡಿದು, ತಿರುಗಿ ನೋಡಿದರು.

‘ತೊಳಿಬ್ಯಾಡ್ರಿ.’